ನಸರಿ ಜೇನು ಖಂಡಗಳನ್ನು ದಾಟಿದ ಬಗೆ

ಪ್ರಶ್ನೆ: ನಮ್ಮದು ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿ. ಮನೆಯ ಹಳೆಯ ಮಣ್ಣಿನ ಗೋಡೆಯಲ್ಲಿ ಬಹಳ ವರ್ಷಗಳಿಂದ ನಸರಿ ಜೇನು ನೆಲೆಸಿದೆ. ಚಿತ್ರದುರ್ಗದ ಕೋಟೆಯ ಕಲ್ಲುಸಂದಿಗಳಲ್ಲೂ ಇದೇ ಜೇನನ್ನು ಕಂಡಿದ್ದೇನೆ. ಇಂಥದೇ ಚುಚ್ಚದ ಜೇನುಗಳು ಬ್ರೆಜಿಲ್, ಆಫ್ರಿಕಾ, ಆಸ್ಟ್ರೇಲಿಯಾಗಳಲ್ಲೂ ಇವೆ ಎಂದು ಓದಿದೆ. ಇಷ್ಟು ಸಣ್ಣ ಹುಳು ಸಮುದ್ರಗಳನ್ನು ದಾಟಿದ್ದು ಹೇಗೆ? ತುಡುವೆ ಜೇನೇ ಕೊಂಡಿ ಕಳೆದುಕೊಂಡು ನಸರಿಯಾಯಿತೆ? ಕೇರಳದಿಂದ ನಸರಿ ಪೆಟ್ಟಿಗೆಗಳನ್ನು ತರಿಸಿ ದಾಳಿಂಬೆ ತೋಟದಲ್ಲಿ ಇಡಬಹುದೆ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಸರಿಯ ದಾಯಾದಿಗಳು ಯಾರು ಎಂಬುದು ತಿಳಿಯದೆ ಅದು ಎಲ್ಲಿಂದ ಬಂತು ಎಂಬುದನ್ನು ಹೇಳಲಾಗದು.

ನಸರಿ ತುಡುವೆಯಿಂದ ಹುಟ್ಟಿದ್ದಲ್ಲ. ತುಡುವೆ, ಹೆಜ್ಜೇನು, ಕೋಲುಜೇನು ಈ ಮೂರೂ ಏಪಿಸ್ ಎಂಬ ಒಂದೇ ಕುಲಕ್ಕೆ ಸೇರಿದವು. ನಾವು ನಸರಿ ಎಂದೂ ಕರಾವಳಿಯವರು ಮುಜಂಟಿ ಎಂದೂ ಮಲೆನಾಡಿನ ಹಲವರು ಮಿಸ್ರಿ ಎಂದೂ ಕರೆಯುವ ಜೇನು ಮೆಲಿಪೊನಿನಿ ಎಂಬ ಬೇರೆಯದೇ ಪಂಗಡದ್ದು. ಹಿಂಗಾಲಿನಲ್ಲಿ ಪರಾಗ ತುಂಬಿಕೊಳ್ಳುವ ಬುಟ್ಟಿಯಂಥ ರಚನೆ ಇರುವ ಜೇನುಗಳಲ್ಲಿ ಇಂದು ನಾಲ್ಕು ಪಂಗಡಗಳು ಉಳಿದಿವೆ. ಏಪಿಸ್ ಕುಲದವು ಒಂದು, ಚುಚ್ಚದ ಜೇನುಗಳು ಇನ್ನೊಂದು, ಮೈತುಂಬ ರೋಮವಿರುವ ಬಂಬಲ್ ಜೇನುಗಳು ಮೂರನೆಯವು, ಅಮೆರಿಕದ ಉಷ್ಣವಲಯದಲ್ಲಿ ಮಾತ್ರ ಕಾಣಸಿಗುವ, ಲೋಹದಂತೆ ಹೊಳೆಯುವ ಆರ್ಕಿಡ್ ಜೇನುಗಳು ನಾಲ್ಕನೆಯವು. ಬಂಬಲ್ ಜೇನು ಎಂದ ಕೂಡಲೇ ನಮ್ಮ ಕಡೆ ತೊಲೆ, ಬಿದಿರುಗಳನ್ನು ಕೊರೆಯುವ ದೊಡ್ಡ ಕಪ್ಪು ದುಂಬಿಯನ್ನು ನೆನೆಯಬೇಡಿ. ಅದು ಬಡಗಿ ಜೇನು, ಪರಾಗಬುಟ್ಟಿಯಿಲ್ಲದ ಬೇರೆ ಗುಂಪಿನದು. ಬಂಬಲ್ ಜೇನುಗಳು ತಂಪು ಸೀಮೆಯವಾಗಿದ್ದು, ಭಾರತದಲ್ಲಿ ಅವುಗಳ ನೆಲೆ ಮುಖ್ಯವಾಗಿ ಹಿಮಾಲಯ.

ಈ ನಾಲ್ಕರಲ್ಲಿ ಯಾವುದು ಯಾವುದಕ್ಕೆ ಹತ್ತಿರ ಎಂಬ ವಾದ ಹಲವು ದಶಕ ನಡೆದಿದೆ. ದೇಹರಚನೆಯನ್ನೂ ನಡವಳಿಕೆಯನ್ನೂ ನೋಡಿದವರಿಗೆ ತುಡುವೆಯೂ ನಸರಿಯೂ ಅಕ್ಕತಂಗಿಯರಂತೆ ಕಂಡದ್ದು ಸಹಜವೇ ಆಗಿತ್ತು. ಎರಡರಲ್ಲೂ ಸಾವಿರಾರು ದುಡಿಮೆಗಾರ ನೊಣಗಳು, ಮೊಟ್ಟೆಯಿಡುವ ಒಂದೇ ರಾಣಿ, ವರ್ಷಾನುಗಟ್ಟಲೆ ಬಾಳುವ ಗೂಡು, ಕೂಡಿಟ್ಟ ತುಪ್ಪ ಇವೆಲ್ಲ ಇವೆ. ಆದರೆ ಡಿಎನ್‌ಎ ಹೋಲಿಕೆ ಆರಂಭವಾದ ಮೇಲೆ ಬಂದ ಉತ್ತರ ಬೇರೆಯಾಯಿತು. 1990ರ ದಶಕದಿಂದ ಈಚೆಗೆ ನಡೆದ ಅಧ್ಯಯನಗಳು, ಮುಖ್ಯವಾಗಿ ಸಾವಿರಾರು ಜೀನ್‌ಗಳನ್ನು ಒಟ್ಟಿಗೆ ಹೋಲಿಸಿದ ಇತ್ತೀಚಿನವು, ಚುಚ್ಚದ ಜೇನುಗಳಿಗೆ ಅತಿ ಹತ್ತಿರದ ಬಂಧುಗಳು ಬಂಬಲ್ ಜೇನುಗಳೇ ಎಂದು ಮತ್ತೆ ಮತ್ತೆ ತೋರಿಸಿವೆ. ಏಪಿಸ್ ಮತ್ತು ಆರ್ಕಿಡ್ ಜೇನುಗಳ ಸ್ಥಾನದ ಬಗ್ಗೆ ಚರ್ಚೆ ಮುಂದುವರಿದಿದ್ದರೂ ಈ ಒಂದು ನಂಟು ಗಟ್ಟಿಯಾಗಿ ನಿಂತಿದೆ.

ಗೂಡಿನೊಳಗೆ ಇಣುಕಿ ನೋಡಿದರೆ ಡಿಎನ್‌ಎ ಹೇಳುವುದು ಅಷ್ಟು ಅಚ್ಚರಿಯದೆನಿಸುವುದಿಲ್ಲ. ತುಡುವೆ ತನ್ನ ಮೇಣವನ್ನು ಹೊಟ್ಟೆಯ ತಳಭಾಗದಿಂದ ಸ್ರವಿಸಿದರೆ ನಸರಿ ಬೆನ್ನಿನ ಬದಿಯಿಂದ ಸ್ರವಿಸುತ್ತದೆ. ತುಡುವೆಯ ಏರಿ ಶುದ್ಧ ಮೇಣದ್ದು, ನಸರಿಯ ಗೂಡು ಮೇಣಕ್ಕೆ ಗಿಡಮರಗಳ ಅಂಟನ್ನು ಬೆರೆಸಿ ಮಾಡಿದ ಕಂದು ಬಣ್ಣದ ಮಿಶ್ರಣದ್ದು. ತುಡುವೆಯ ದಾದಿನೊಣಗಳು ಮರಿಹುಳುವಿಗೆ ದಿನವೂ ಹೊತ್ತುಹೊತ್ತಿಗೆ ಉಣಿಸುತ್ತವೆ. ನಸರಿ ಹಾಗೆ ಮಾಡುವುದಿಲ್ಲ. ಮರಿಯ ಇಡೀ ಬೆಳವಣಿಗೆಗೆ ಬೇಕಾದ ದ್ರವಾಹಾರವನ್ನು ಕೋಶಕ್ಕೆ ಒಮ್ಮೆಗೇ ತುಂಬಿ, ರಾಣಿ ಅದರ ಮೇಲೆ ಮೊಟ್ಟೆಯಿಟ್ಟ ಕೂಡಲೇ ಬಾಯಿ ಮುಚ್ಚಿಬಿಡುತ್ತದೆ. ತುಡುವೆಯ ರಾಣಿ ಅನೇಕ ಗಂಡುಗಳೊಡನೆ ಕೂಡುತ್ತಾಳೆ, ಚುಚ್ಚದ ಜೇನುಗಳ ರಾಣಿ ಸಾಮಾನ್ಯವಾಗಿ ಒಂದೇ ಗಂಡಿನೊಡನೆ. ದೊಡ್ಡ ಸಂಸಾರ ನಡೆಸುವ ವಿದ್ಯೆಯನ್ನು ಈ ಎರಡು ಪಂಗಡಗಳು ಬಹುಮಟ್ಟಿಗೆ ತಂತಮ್ಮ ದಾರಿಯಲ್ಲೇ ಬೆಳೆಸಿಕೊಂಡಿವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೊರನೋಟದ ಹೋಲಿಕೆಯ ಒಳಗೆ ಇಷ್ಟೊಂದು ಬೇರೆ ಬೇರೆ ಕೆಲಸದ ಕ್ರಮಗಳು ಇರುವುದಕ್ಕೆ ಇದಕ್ಕಿಂತ ಸರಳವಾದ ವಿವರಣೆ ನನಗೆ ಕಾಣುವುದಿಲ್ಲ.

ಕೊಂಡಿಯ ಬಗ್ಗೆಯೂ ಒಂದು ತಿದ್ದುಪಡಿ ಅಗತ್ಯ. ಇವುಗಳಲ್ಲಿ ಕೊಂಡಿ ಪೂರ್ತಿ ಮಾಯವಾಗಿಲ್ಲ, ಕುಗ್ಗಿ ಕೆಲಸಕ್ಕೆ ಬಾರದ ಅವಶೇಷವಾಗಿ ಉಳಿದಿದೆ. ಈ ಲಕ್ಷಣ ಎಲ್ಲ ಖಂಡಗಳ ಮೆಲಿಪೊನಿನಿಗಳಲ್ಲೂ ಇರುವುದರಿಂದ, ಅವು ಕವಲೊಡೆಯುವ ಮೊದಲೇ, ಅವುಗಳ ಸಮಾನ ಪೂರ್ವಜರಲ್ಲೇ ಕೊಂಡಿ ಕುಗ್ಗಿತ್ತು ಎಂದು ತಿಳಿಯಬೇಕು. ಅದರ ಬದಲಿಗೆ ಅಂಟು ಮೆತ್ತುವುದು, ಕಚ್ಚುವುದು, ಕೂದಲಿನಲ್ಲಿ, ಕಿವಿಯಲ್ಲಿ ನುಗ್ಗುವುದು, ಪ್ರವೇಶದ್ವಾರವನ್ನು ಕಿರಿದಾದ ಕೊಳವೆಯಾಗಿ ಕಟ್ಟಿ ಕಾವಲು ಕೂರುವುದು ಇವೆಲ್ಲ ರಕ್ಷಣೆಯ ಉಪಾಯಗಳಾದವು. ಅಮೆರಿಕದ ಆಕ್ಸಿಟ್ರೈಗೊನಾ ಎಂಬ ಕುಲದ ಜೇನುಗಳು ಚರ್ಮವನ್ನು ಸುಡುವಂಥ ಸ್ರಾವವನ್ನೇ ಹಚ್ಚುತ್ತವೆ. ಆದ್ದರಿಂದ ಚುಚ್ಚದ ಜೇನೆಂದರೆ ನಿರಾಯುಧ ಜೇನೆಂದು ತಿಳಿಯಬಾರದು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಇದನ್ನು ಬಿಡಿಸುವ ಕೀಲಿ ಭೂಪಟದಲ್ಲಿರುವುದಕ್ಕಿಂತ ಹೆಚ್ಚಾಗಿ ನಿಮ್ಮ ಗೋಡೆಯ ಗೂಡಿನ ಒಳಗಿದೆ. ತುಡುವೆ ಪಾಲಾದಾಗ ಹಳೆಯ ರಾಣಿ ದುಡಿಮೆಗಾರರ ದೊಡ್ಡ ಗುಂಪಿನೊಡನೆ ಹೊರಟು, ತಾಯಿಗೂಡಿನ ಹಂಗು ಹರಿದುಕೊಂಡು ದೂರಕ್ಕೆ ಹಾರಿಬಿಡುತ್ತಾಳೆ. ನಸರಿಯಲ್ಲಿ ಇದು ಸಾಧ್ಯವಿಲ್ಲ, ಏಕೆಂದರೆ ಮೊಟ್ಟೆಯಿಡುವ ರಾಣಿಯ ಹೊಟ್ಟೆ ಊದಿ ಆಕೆ ಮತ್ತೆ ಹಾರಲಾರದವಳಾಗುತ್ತಾಳೆ. ಹೊಸ ಗೂಡಿಗೆ ಹೋಗುವವಳು ಇನ್ನೂ ಗಂಡು ಕೂಡದ ಎಳೆಯ ರಾಣಿ. ಆಕೆ ಹೋಗುವ ಮೊದಲು ದುಡಿಮೆಗಾರರು ಹತ್ತಿರದಲ್ಲೇ ಒಂದು ಪೊಟರೆ ಹುಡುಕಿ, ತಾಯಿಗೂಡಿನಿಂದ ಮೇಣ, ಅಂಟು, ತುಪ್ಪಗಳನ್ನು ಹಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಸಾಗಿಸುತ್ತಾರೆ. ಹೊಸದಾಗಿ ಸಂಸಾರ ಹೂಡಿದ ಮಗಳಿಗೆ ತವರಿನಿಂದ ಬುತ್ತಿ ಹೋಗುತ್ತಲೇ ಇರುವಂತೆ ಈ ನಂಟು ನಡೆಯುತ್ತದೆ, ಮತ್ತು ಬುತ್ತಿ ಹೊರುವವರ ರೆಕ್ಕೆಗೆ ನಿಲುಕುವಷ್ಟು ದೂರದಲ್ಲೇ ಮಗಳ ಮನೆ ಇರಬೇಕಾಗುತ್ತದೆ. ಸುಮಾರು 4 ಮಿಲಿಮೀಟರ್ ಉದ್ದದ ನಮ್ಮ ನಸರಿಗೆ ಆ ದೂರವೆಂದರೆ ಕೆಲವು ನೂರು ಮೀಟರ್ ಮಾತ್ರ.

ಇದರ ಪರಿಣಾಮವನ್ನು ಯೋಚಿಸಿ. ಗಾಳಿಗೆ ಸಿಕ್ಕಿ ಒಂಟಿ ರಾಣಿ ಎಲ್ಲೋ ಇಳಿದು ಸಂಸಾರ ಹೂಡುವುದು ಬಂಬಲ್ ಜೇನಿನಲ್ಲಿ ಸಾಧ್ಯ, ನಸರಿಯಲ್ಲಿ ಅಲ್ಲ. ಪೊಟರೆಗಳೂ ಹೂಗಳೂ ಅಂಟು ಕೊಡುವ ಮರಗಳೂ ಇರುವ ನೆಲ ತಡೆಯಿಲ್ಲದೆ ಮುಂದುವರಿದಲ್ಲಿ ಮಾತ್ರ ಇವು ತಲೆಮಾರಿನಿಂದ ತಲೆಮಾರಿಗೆ ಹೆಜ್ಜೆ ಹೆಜ್ಜೆಯಾಗಿ ಹರಡಬಲ್ಲವು. ಹೀಗಿದ್ದೂ ಇಂದು ಭೂಮಿಯ ಉಷ್ಣವಲಯದ ಎಲ್ಲ ಖಂಡಗಳಲ್ಲಿ 500ಕ್ಕೂ ಹೆಚ್ಚು ಪ್ರಭೇದಗಳಿವೆ ಎಂದರೆ, ಖಂಡಗಳ ನಡುವೆ ಬೆಚ್ಚನೆಯ ಕಾಡಿನ ದಾರಿಗಳು ಎಂದೋ ಇದ್ದಿರಬೇಕು.

ಆ ದಾರಿಗಳ ಕುರುಹುಗಳು ಇಂದು ಜೇನೇ ಇಲ್ಲದ ಸೀಮೆಗಳಲ್ಲಿ ದೊರೆತಿವೆ. ಈ ಜೇನುಗಳು ಅಂಟು ಹುಡುಕಿಕೊಂಡು ಹೋಗುವಂಥವು. ಅಂಟಿಗೆ ಹೋದವುಗಳಲ್ಲಿ ಕೆಲವು ಅದರಲ್ಲೇ ಸಿಕ್ಕಿಬಿದ್ದವು, ಆ ಅಂಟು ಕೋಟ್ಯಂತರ ವರ್ಷಗಳಲ್ಲಿ ಗಟ್ಟಿಯಾಗಿ ಅಂಬರ್ ಆಯಿತು. ಅಮೆರಿಕದ ನ್ಯೂಜೆರ್ಸಿಯ ಅಂಬರಿನಲ್ಲಿ ಸಿಕ್ಕ ಒಂದು ದುಡಿಮೆಗಾರ ಜೇನನ್ನು 1988ರಲ್ಲಿ ಚಾರ್ಲ್ಸ್ ಮಿಚೆನರ್ ಮತ್ತು ಡೇವಿಡ್ ಗ್ರಿಮಾಲ್ಡಿ ವಿವರಿಸಿದರು. ಅದಕ್ಕೆ ಈಗ ಕ್ರೆಟೊಟ್ರೈಗೊನಾ ಪ್ರಿಸ್ಕಾ ಎಂಬ ಹೆಸರಿದೆ. ಅದರ ವಯಸ್ಸು ಸುಮಾರು 6.5ರಿಂದ 7 ಕೋಟಿ ವರ್ಷ, ಅಂದರೆ ಡೈನೊಸಾರ್‌ಗಳ ಕೊನೆಗಾಲ. ದುಡಿಮೆಗಾರ ನೊಣ ಇದೆಯೆಂದರೆ ರಾಣಿ, ದುಡಿಮೆಗಾರರೆಂಬ ವಿಭಾಗವೂ ಆಗಲೇ ಇತ್ತೆಂದು ಅರ್ಥ. ಉತ್ತರ ಯುರೋಪಿನ ಬಾಲ್ಟಿಕ್ ಕಡಲ ಸೀಮೆಯಲ್ಲಿ ಸಿಗುವ, ಸುಮಾರು 4.4 ಕೋಟಿ ವರ್ಷ ಹಳೆಯ ಬಾಲ್ಟಿಕ್ ಅಂಬರಿನಲ್ಲೂ ಚುಚ್ಚದ ಜೇನುಗಳಿವೆ. ಯುರೋಪಿನಲ್ಲಾಗಲಿ ನ್ಯೂಜೆರ್ಸಿಯಲ್ಲಾಗಲಿ ಇಂದು ಒಂದೇ ಒಂದು ಪ್ರಭೇದವೂ ಬದುಕಿಲ್ಲ. ಕೆರಿಬಿಯನ್ ದ್ವೀಪವಾದ ಹಿಸ್ಪಾನಿಯೋಲದ ಅಂಬರಿನಲ್ಲಿ ಪ್ರೊಪ್ಲೆಬಿಯಾ ಡೊಮಿನಿಕಾನಾ ಎಂಬ ಜೇನು ಹೇರಳವಾಗಿ ಸಿಗುತ್ತದೆ, ಆದರೆ ಆ ದ್ವೀಪದಲ್ಲಿ ಈಗ ಸ್ಥಳೀಯವಾದ ಚುಚ್ಚದ ಜೇನೇ ಇಲ್ಲ. ಇಂದಿನ ನೆಲೆಗಳನ್ನಷ್ಟೇ ನೋಡಿ ಇವುಗಳ ಚರಿತ್ರೆ ಬರೆದರೆ ಎಷ್ಟು ದಾರಿ ತಪ್ಪಬಹುದು ಎಂಬುದಕ್ಕೆ ಇದು ಸಾಕ್ಷಿ.

ಸುಮಾರು 5 ಕೋಟಿ ವರ್ಷಗಳ ಹಿಂದೆ, ಇಯೊಸೀನ್ ಯುಗದ ಆರಂಭದಲ್ಲಿ, ಭೂಮಿ ಇಂದಿಗಿಂತ ಬಹಳ ಬಿಸಿಯಾಗಿತ್ತು. ಉಷ್ಣವಲಯದ ಕಾಡಿನ ಗಿಡಮರಗಳು ಯುರೋಪಿನವರೆಗೂ ಹಬ್ಬಿದ್ದವು, ಉತ್ತರದ ಖಂಡಗಳ ನಡುವೆ ನೆಲದ ಸೇತುವೆಗಳಿದ್ದವು. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಗಳು ಬೇರ್ಪಟ್ಟದ್ದು ಸುಮಾರು 10 ಕೋಟಿ ವರ್ಷಗಳ ಹಿಂದೆ. ಡಿಎನ್‌ಎ ಲೆಕ್ಕಾಚಾರದಲ್ಲಿ ಇಂದಿನ ಚುಚ್ಚದ ಜೇನುಗಳ ದೊಡ್ಡ ಕವಲುಗಳು ಒಡೆದದ್ದು ಅದಕ್ಕಿಂತ ಈಚೆಗೆ. ಹಾಗಾಗಿ ಖಂಡ ಸೀಳಿದಾಗ ಜೇನೂ ಸೀಳಿತು ಎಂಬ ಸರಳ ಕಥೆ ಇಲ್ಲಿ ಸಾಲದು. ಉತ್ತರದ ಬೆಚ್ಚನೆಯ ಕಾಡುಗಳ ಮೂಲಕ ಸಾಗಿ, ಹವೆ ತಣ್ಣಗಾದಂತೆ ಉತ್ತರದವು ಅಳಿದು, ದಕ್ಷಿಣಕ್ಕೆ ಸೇರಿದ ಗುಂಪುಗಳು ಪರಸ್ಪರ ದೂರವಾದವು ಎಂಬ ವಿವರಣೆಯೇ ಪಳೆಯುಳಿಕೆಗಳಿಗೂ ಗೂಡು ಕಟ್ಟುವ ಕ್ರಮಕ್ಕೂ ಹೆಚ್ಚು ಹೊಂದುತ್ತದೆ.

2010ರಲ್ಲಿ ಕ್ಲಾಸ್ ರಾಸ್ಮುಸೆನ್ ಮತ್ತು ಸಿಡ್ನಿ ಕ್ಯಾಮರಾನ್ ಪ್ರಪಂಚದ ಎಲ್ಲ ಕಡೆಯ ಚುಚ್ಚದ ಜೇನುಗಳ ಡಿಎನ್‌ಎ ಹೋಲಿಸಿ ವಂಶವೃಕ್ಷವೊಂದನ್ನು ಪ್ರಕಟಿಸಿದರು. ಅದರಲ್ಲಿ ಮೂರು ದೊಡ್ಡ ಕೊಂಬೆಗಳು ಸ್ಪಷ್ಟವಾಗಿ ಕಂಡವು. ಒಂದು ಅಮೆರಿಕದ ಉಷ್ಣವಲಯದ್ದು, ಒಂದು ಆಫ್ರಿಕಾದ್ದು, ಇನ್ನೊಂದು ಭಾರತ, ಆಗ್ನೇಯ ಏಷ್ಯಾ ಮತ್ತು ಆಸ್ಟ್ರೇಲಿಯಾಗಳದ್ದು. ಕೊನೆಯ ಎರಡು ಪರಸ್ಪರ ಹತ್ತಿರ, ಅಮೆರಿಕದ್ದು ಎರಡರಿಂದಲೂ ದೂರ. ಹಳೆಯ ಪಠ್ಯಪುಸ್ತಕಗಳಲ್ಲಿ ನಮ್ಮ ನಸರಿಗೆ ಟ್ರೈಗೊನಾ ಇರಿಡಿಪೆನ್ನಿಸ್ ಎಂಬ ಹೆಸರಿರುವುದನ್ನು ನೀವು ನೋಡಿರಬಹುದು. ಬ್ರೆಜಿಲ್‌ನ ಹಲವು ಜೇನುಗಳಿಗೂ ಟ್ರೈಗೊನಾ ಎಂಬುದೇ ಕುಲನಾಮ. ಆದರೆ ಬ್ರೆಜಿಲ್‌ನ ಟ್ರೈಗೊನಾಕ್ಕೆ ಅಲ್ಲಿನ ಮೆಲಿಪೊನಾ ಮುಂತಾದವೇ ರಕ್ತಸಂಬಂಧಿಗಳು. ನಮ್ಮದು ಈಗ ಟೆಟ್ರಾಗೊನುಲಾ ಎಂಬ ಬೇರೆ ಕುಲದಲ್ಲಿದೆ. ಆಸ್ಟ್ರೇಲಿಯಾದಲ್ಲಿ ಜನ ಪೆಟ್ಟಿಗೆಯಲ್ಲಿ ಸಾಕುವ, ಸುರುಳಿಯಾಕಾರದ ಮರಿಕೋಶದ ಏರಿ ಕಟ್ಟುವ ಟೆಟ್ರಾಗೊನುಲಾ ಕಾರ್ಬೊನೇರಿಯಾ ಕೂಡ ಅದೇ ಕುಲದ್ದು. ನಿಮ್ಮ ಗೋಡೆಯ ನಸರಿಗೆ ಬ್ರೆಜಿಲ್‌ಗಿಂತ ಆಸ್ಟ್ರೇಲಿಯಾದ ಸಂಬಂಧ ಹತ್ತಿರ.

ಪ್ರಭೇದಗಳ ಹಂಚಿಕೆ ಸಮನಾಗಿಲ್ಲ. 400ಕ್ಕೂ ಹೆಚ್ಚು ಪ್ರಭೇದಗಳು ಅಮೆರಿಕ ಖಂಡಗಳ ಉಷ್ಣವಲಯದಲ್ಲೇ ಇವೆ, ಆಫ್ರಿಕಾದಲ್ಲಿ ಅತಿ ಕಡಿಮೆ. ಅಮೆರಿಕದಲ್ಲಿ ಇವು ಹಿಡಿದ ಬದುಕಿನ ದಾರಿಗಳು ಬೆರಗು ಹುಟ್ಟಿಸುತ್ತವೆ. ಟ್ರೈಗೊನಾ ಹೈಪೊಜಿಯಾ ಪರಾಗವನ್ನೇ ತೊರೆದು ಸತ್ತ ಪ್ರಾಣಿಗಳ ಮಾಂಸದಿಂದ ಮರಿಗಳನ್ನು ಸಾಕುತ್ತದೆ ಎಂಬುದನ್ನು ಡೇವಿಡ್ ರೂಬಿಕ್ 1982ರಲ್ಲಿ ತೋರಿಸಿದರು. ಲೆಸ್ಟ್ರಿಮೆಲಿಟ್ಟಾ ಹೂವಿಗೇ ಹೋಗದೆ ಬೇರೆ ಗೂಡುಗಳನ್ನು ಕೊಳ್ಳೆಹೊಡೆದು ಬಾಳುತ್ತದೆ. ಆಫ್ರಿಕಾದ ಕ್ಲೆಪ್ಟೊಟ್ರೈಗೊನಾ ಕೂಡ ಕಳ್ಳ ಜೇನೇ, ಆದರೆ ಆ ವೃತ್ತಿಯನ್ನು ಅದು ಸ್ವತಂತ್ರವಾಗಿ ಕಂಡುಕೊಂಡದ್ದು. ಯುರೋಪಿನವರು ಏಪಿಸ್ ಜೇನನ್ನು ಹಡಗಿನಲ್ಲಿ ಒಯ್ಯುವವರೆಗೆ ಮೆಕ್ಸಿಕೊದ ಮಾಯಾ ಜನ ಸಾಕುತ್ತಿದ್ದದ್ದು ಮೆಲಿಪೊನಾ ಬೀಚೆಯಿ ಎಂಬ ಚುಚ್ಚದ ಜೇನನ್ನೇ, ಇಂದಿಗೂ ಯುಕಟಾನ್‌ನಲ್ಲಿ ಅದರ ಸಾಕಣೆ ಇದೆ.

ಸಮುದ್ರವನ್ನು ಇವು ಎಂದೂ ದಾಟಿಲ್ಲವೆ? ದಾಟಿವೆ, ಬಹಳ ಅಪರೂಪಕ್ಕೆ. ಮಡಗಾಸ್ಕರ್ ಆಫ್ರಿಕಾದಿಂದ ಬೇರ್ಪಟ್ಟದ್ದು ಚುಚ್ಚದ ಜೇನುಗಳು ಹುಟ್ಟುವುದಕ್ಕೆ ಬಹಳ ಮೊದಲು. ಆದರೂ ಅಲ್ಲಿ ಲಿಯೊಟ್ರೈಗೊನಾ ಕುಲದ ಪುಟ್ಟ ಜೇನುಗಳಿವೆ. ಪೆಸಿಫಿಕ್‌ನ ಸೊಲೊಮನ್ ದ್ವೀಪಗಳು ಯಾವ ಖಂಡಕ್ಕೂ ಅಂಟಿಕೊಂಡಿದ್ದವಲ್ಲ, ಅಲ್ಲಿಯೂ ಟೆಟ್ರಾಗೊನುಲಾ ಇದೆ. ಆಸ್ಟ್ರೇಲಿಯಾದಲ್ಲಿ ಟೆಟ್ರಾಗೊನುಲಾ ಮತ್ತು ಆಸ್ಟ್ರೊಪ್ಲೆಬಿಯಾ ಎಂಬ ಎರಡು ಕುಲಗಳಿದ್ದು, ಅವೆರಡೂ ಬೇರೆ ಬೇರೆ ಕಾಲದಲ್ಲಿ ಅಲ್ಲಿ ನೆಲೆಗೊಂಡ ಬೇರೆ ಬೇರೆ ವಂಶಗಳು. ಹಾರಲಾರದ ರಾಣಿ ಇಂಥ ಕಡೆ ತಲುಪುವ ನಂಬಬಹುದಾದ ದಾರಿ ಒಂದೇ. ಪ್ರವಾಹ ಅಥವಾ ಬಿರುಗಾಳಿಗೆ ಬುಡಮೇಲಾದ ಪೊಟರೆ ಮರ, ಒಳಗಿನ ರಾಣಿ, ಮರಿ, ತುಪ್ಪದ ಸಂಗ್ರಹಗಳ ಸಮೇತ ತೇಲಿಹೋಗಿ ಇನ್ನೊಂದು ದಡ ಸೇರಬೇಕು. ಗೂಡನ್ನು ಅಂಟಿನಿಂದ ಭದ್ರವಾಗಿ ಮುಚ್ಚಿಕೊಳ್ಳುವ, ಆಹಾರ ಕೂಡಿಟ್ಟುಕೊಳ್ಳುವ ಸ್ವಭಾವ ಇಲ್ಲಿ ಅವುಗಳ ಕೈಹಿಡಿದಿರಬೇಕು. ಹಿಮಯುಗಗಳಲ್ಲಿ ಸಮುದ್ರಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿಳಿದಿದ್ದಾಗ ನ್ಯೂಗಿನಿ ಮತ್ತು ಆಸ್ಟ್ರೇಲಿಯಾ ಒಂದೇ ನೆಲವಾಗಿದ್ದವು, ನಮಗೂ ಶ್ರೀಲಂಕಾಕ್ಕೂ ನಡುವೆ ನೆಲದ ದಾರಿ ಇತ್ತು. ಫ್ರೆಡರಿಕ್ ಸ್ಮಿತ್ 1854ರಲ್ಲಿ ಇರಿಡಿಪೆನ್ನಿಸ್ ಪ್ರಭೇದವನ್ನು ಮೊದಲು ವಿವರಿಸಿದ್ದು ಶ್ರೀಲಂಕಾದ ಮಾದರಿಗಳಿಂದ ಎಂಬುದು ಇಲ್ಲಿ ನೆನೆಯಬೇಕಾದದ್ದು.

ಹಾಗಾದರೆ ನಮ್ಮ ನೆಲಕ್ಕೆ ನಸರಿ ಬಂದದ್ದು ಎತ್ತಣಿಂದ? ಚಿತ್ರದುರ್ಗದ ಕೋಟೆ ನಿಂತಿರುವ ಬಂಡೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಈ ನೆಲ ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್‌ನಿಂದ ಕಳಚಿಕೊಂಡು ಒಂಟಿಯಾಗಿ ಉತ್ತರಕ್ಕೆ ಸರಿದು, ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ತಾಗಿತು. ಆ ಪಯಣದಲ್ಲಿ ಜೇನೂ ಜೊತೆಗೆ ಬಂದಿರಬಹುದೆಂಬ ಊಹೆ ಮನಸ್ಸಿಗೆ ಹಿತವಾದದ್ದು. ನಾನು ಅದನ್ನು ಒಪ್ಪುವುದಿಲ್ಲ. ಕೋಟ್ಯಂತರ ವರ್ಷ ಒಂಟಿಯಾಗಿದ್ದ ನೆಲದಲ್ಲಿ ಜೇನು ಬೆಳೆದಿದ್ದರೆ ಇಲ್ಲಿಗೇ ವಿಶಿಷ್ಟವಾದ ಹಳೆಯ ಕುಲಗಳಿರಬೇಕಿತ್ತು. ಭಾರತಕ್ಕೆ ಮಾತ್ರ ಸೀಮಿತವಾದ ಚುಚ್ಚದ ಜೇನಿನ ಕುಲ ಒಂದೂ ಇಲ್ಲ. ಟೆಟ್ರಾಗೊನುಲಾ, ಅದಕ್ಕಿಂತ ಚಿಕ್ಕದಾದ ಲಿಸೊಟ್ರೈಗೊನಾ, ಈಶಾನ್ಯದ ಲೆಪಿಡೊಟ್ರೈಗೊನಾ ಇವೆಲ್ಲ ಆಗ್ನೇಯ ಏಷ್ಯಾದಲ್ಲೂ ಇರುವವು, ಈ ಇಡೀ ಕೊಂಬೆಯ ವೈವಿಧ್ಯ ಹೆಚ್ಚಾಗಿರುವುದೂ ಅಲ್ಲಿಯೇ. ಥಾಯ್ಲೆಂಡಿನಲ್ಲಿ ಲಿಸೊಟ್ರೈಗೊನಾ ಜೇನುಗಳು ಮನುಷ್ಯರ ಕಣ್ಣೀರನ್ನೂ ಕುಡಿಯುವುದು ದಾಖಲಾಗಿದೆ.

ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯ ಅಂಬರ್ ಈ ವಾದಕ್ಕೆ ಇನ್ನೊಂದು ಆಸರೆ. ಸುಮಾರು 5 ಕೋಟಿ ವರ್ಷ ಹಳೆಯ ಆ ಅಂಬರಿನಲ್ಲಿ ಮೆಲಿಕರ್ಟೆಸ್ ಎಂಬ, ಮೆಲಿಪೊನಿನಿಗಳಿಗೆ ಹತ್ತಿರದ, ಈಗ ಪೂರ್ತಿ ಅಳಿದಿರುವ ಪಂಗಡದ ಜೇನು ಸಿಕ್ಕಿದೆ. ಅದೇ ಕುಲದ ಜೇನು ಬಾಲ್ಟಿಕ್ ಅಂಬರಿನಲ್ಲೂ ಇದೆ. ಅಂದರೆ ಭಾರತ ಆ ಹೊತ್ತಿಗೆ ಯುರೋಪ್ ಮತ್ತು ಏಷ್ಯಾಗಳೊಡನೆ ಕೀಟಗಳ ಕೊಡುಕೊಳ್ಳುವಿಕೆಯಲ್ಲಿ ಸೇರಿಹೋಗಿತ್ತು. ಈಶಾನ್ಯದ ಕಾಡುಗಳ ಮೂಲಕ ಬಂದ ವಂಶವೊಂದು ಪರ್ಯಾಯದ್ವೀಪದಲ್ಲಿ ಹರಡಿ, ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಚಳ್ಳಕೆರೆ, ಹಿರಿಯೂರುಗಳ ಸೀಮೆಯಲ್ಲೂ ಕಲ್ಲುಸಂದಿ, ಮಣ್ಣಿನ ಗೋಡೆಗಳ ತಂಪಿನಲ್ಲಿ ನೆಲೆ ಕಂಡುಕೊಂಡಿತು ಎಂದು ನಾನು ಓದುತ್ತೇನೆ. ಮಳೆಕಾಡಿನ ಮೂಲದ ಜೇನಿಗೆ ಇಂಥ ಬಯಲಿನಲ್ಲಿ ದಪ್ಪ ಗೋಡೆ ಎಷ್ಟು ಮುಖ್ಯವೆಂಬುದನ್ನು ಗಮನಿಸಿ. ಹಳೆಯ ಮನೆ ಕೆಡವಿ ಕಾಂಕ್ರೀಟ್ ಹಾಕುವಾಗ ನಾವು ಈ ಜೇನಿನ ನೆಲೆಯನ್ನೂ ಕೆಡವುತ್ತಿದ್ದೇವೆ, ಮತ್ತು ಅದಕ್ಕೆ ಬಹುದೂರ ಹೋಗುವ ಶಕ್ತಿ ಇಲ್ಲ.

ಕೇರಳದ ಪೆಟ್ಟಿಗೆಯ ವಿಷಯಕ್ಕೆ ಬಂದರೆ, ತರಿಸಬೇಡಿ ಎಂದೇ ನನ್ನ ಸಲಹೆ. ಇಷ್ಟು ಕಡಿಮೆ ದೂರ ಹರಡುವ ಜೇನಿನಲ್ಲಿ ಸೀಮೆಯಿಂದ ಸೀಮೆಗೆ ಭಿನ್ನತೆ ಬೆಳೆಯುವುದು ಸಹಜ. ಇರಿಡಿಪೆನ್ನಿಸ್ ಎಂಬ ಒಂದೇ ಹೆಸರಿನಡಿ ಒಂದಕ್ಕಿಂತ ಹೆಚ್ಚು ಪ್ರಭೇದಗಳು ಸೇರಿಕೊಂಡಿವೆ ಎಂಬುದು ಈಚೆಗೆ ಸ್ಪಷ್ಟವಾಗುತ್ತಿದೆ. 2019ರಲ್ಲಿ ಕೇರಳದಿಂದಲೇ ಟೆಟ್ರಾಗೊನುಲಾ ಟ್ರಾವಂಕೊರಿಕಾ ಮೊದಲಾದ ಹೊಸ ಪ್ರಭೇದಗಳನ್ನು ವಿವರಿಸಲಾಯಿತು. ಪಶ್ಚಿಮಘಟ್ಟದ ತೇವದಲ್ಲಿ ಬೆಳೆದ ಗೂಡು ನಿಮ್ಮ ಬೇಸಿಗೆಯಲ್ಲಿ ಉಳಿಯುವ ಭರವಸೆ ಕಡಿಮೆ, ಉಳಿದರೂ ಸ್ಥಳೀಯ ಜೇನಿನೊಡನೆ ಬೆರೆತು ಕೋಟೆಯ ಕಲ್ಲಿನ ಜೇನು ಯಾವುದೆಂಬ ಗುರುತೇ ಅಳಿಸಿಹೋಗಬಹುದು.

ದಾಳಿಂಬೆಗೆ ಬೇಕಾದ ಜೇನು ನಿಮ್ಮ ಗೋಡೆಯಲ್ಲೇ ಇದೆ. ಗೋಡೆ ಒಡೆಯದೆ, ಗೂಡಿನ ಪ್ರವೇಶಕ್ಕೆ ಕೊಳವೆಯೊಂದನ್ನು ಜೋಡಿಸಿ, ಅದರ ಇನ್ನೊಂದು ತುದಿಯನ್ನು ಮರದ ಪುಟ್ಟ ಪೆಟ್ಟಿಗೆಗೆ ಸೇರಿಸಿ, ಪೆಟ್ಟಿಗೆಯ ಮೂಲಕವೇ ನೊಣಗಳು ಹೊರಗೆ ಹೋಗಿಬರುವಂತೆ ಮಾಡಿರಿ. ತಾಯಿಗೂಡಿನಿಂದ ಸಾಮಗ್ರಿ ಸಾಗಿಸಿ ಮಗಳಗೂಡು ಕಟ್ಟುವ ಅವುಗಳ ಸ್ವಭಾವವೇ ಇಲ್ಲಿ ಕೆಲಸ ಮಾಡುತ್ತದೆ. ತಿಂಗಳುಗಳು ಹಿಡಿಯುತ್ತವೆ, ತಾಳ್ಮೆ ಬೇಕು. ಪೆಟ್ಟಿಗೆಯಲ್ಲಿ ಮರಿಕೋಶಗಳೂ ಮೊಟ್ಟೆಯಿಡುವ ರಾಣಿಯೂ ಕಂಡ ಮೇಲಷ್ಟೇ ಅದನ್ನು ಬೇರ್ಪಡಿಸಿ ತೋಟಕ್ಕೆ ಒಯ್ಯಿರಿ, ನೆರಳಿನಲ್ಲಿಡಿ, ಹೂಬಿಟ್ಟ ಗಿಡಕ್ಕೆ ಹಗಲಿನಲ್ಲಿ ಔಷಧಿ ಸಿಂಪಡಿಸಬೇಡಿ.

ಇನ್ನೊಂದು ಕೋರಿಕೆ ಇದೆ. ಟೆಟ್ರಾಗೊನುಲಾ ಪ್ರಭೇದಗಳ ದುಡಿಮೆಗಾರ ನೊಣಗಳು ಒಂದಕ್ಕೊಂದು ತೀರಾ ಹೋಲುತ್ತವೆ. ಖಚಿತವಾದ ಗುರುತು ಗಂಡುನೊಣಗಳ ಜನನಾಂಗದ ರಚನೆಯಲ್ಲಿದೆ ಎಂಬುದನ್ನು 1978ರಲ್ಲೇ ಜಪಾನಿನ ಶೋಇಚಿ ಸಕಗಾಮಿ ಒತ್ತಿ ಹೇಳಿದ್ದರು. ಎಳೆಯ ರಾಣಿಯಿರುವ ಗೂಡಿನ ಮುಂದೆ ಕೆಲವು ದಿನ ಗಂಡುಗಳು ಗುಂಪಾಗಿ ಸುಳಿದಾಡುತ್ತವೆ. ಅಂಥ ಗುಂಪು ಕಂಡಾಗ ನಾಲ್ಕಾರು ನೊಣಗಳನ್ನು ಆಲ್ಕೋಹಾಲ್ ತುಂಬಿದ ಸಣ್ಣ ಶೀಶೆಯಲ್ಲಿ ಹಾಕಿ, ಊರು, ದಿನಾಂಕ, ಗೂಡು ಇದ್ದ ಜಾಗ ಬರೆದ ಚೀಟಿಯೊಡನೆ ಹತ್ತಿರದ ಕೃಷಿ ಅಥವಾ ಪ್ರಾಣಿಶಾಸ್ತ್ರ ವಿಭಾಗಕ್ಕೆ ತಲುಪಿಸಿರಿ. ಕೋಟೆಯ ಜೇನೂ ನಿಮ್ಮ ಗೋಡೆಯ ಜೇನೂ ಒಂದೇ ಪ್ರಭೇದವೆ ಎಂಬುದನ್ನು ನಿರ್ಣಯಿಸಲು ಎರಡೂ ಕಡೆಯ ಅಂಥ ಮಾದರಿಗಳು ಬೇಕು.